ಇಲಿಗೆ ವಾಸಿಯಾಯ್ತು, ಹುಡುಗನಿಗೆ?

ನಮ್ಮ ಲಗ್ಗೆರೆಯ ವಠಾರದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದಾನೆ. ಅವನಿಗೆ ಟೈಪ್ 1 ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮೊನ್ನೆ ಅವನಮ್ಮ ಒಂದು ಪಾಂಪ್ಲೆಟ್ ಹಿಡ್ಕೊಂಡು ಬಂದ್ರು. "ಸ್ಟೆಮ್ ಸೆಲ್ ಹಾಕಿಸಿದ್ರೆ ವಾಸಿಯಾಗುತ್ತಂತೆ ಕಣಪ್ಪ. ಒಡವೆ ಅಡ ಇಟ್ಟಾದ್ರೂ ಹಾಕಿಸೋಣ ಅಂತಿದೀನಿ. ನೀನು ಓದಿದೋನು, ನೋಡಿ ಹೇಳು" ಅಂದ್ರು. ನಾನು ಓದಿರೋದು ಎಂಜಿನಿಯರಿಂಗು! ಆದ್ರೂ ರಾತ್ರಿಯೆಲ್ಲ ಕೂತು ಹುಡುಕಿದೆ. ನೋಡಿದ್ರೆ ಇದು ನೂರು ವರ್ಷಕ್ಕೂ ಹಳೆಯ ಕಥೆ.

1869ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಅನ್ನೋ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯೊಳಗೆ ದ್ವೀಪಗಳ ಹಾಗಿರುವ ಜೀವಕೋಶಗಳ ಗುಂಪುಗಳನ್ನು ಕಂಡ. ಇನ್ಸುಲಿನ್ ತಯಾರಾಗೋದು ಅಲ್ಲೇ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1893ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನೈದು ವರ್ಷದ ಹುಡುಗನೊಬ್ಬನ ಚರ್ಮದಡಿ ಕುರಿಯ ಮೇದೋಜೀರಕದ ತುಂಡುಗಳನ್ನಿಟ್ಟರು. ಮೂರೇ ದಿನಕ್ಕೆ ಆ ಹುಡುಗ ತೀರಿಕೊಂಡ. 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಇಂಜೆಕ್ಷನ್ ಬಂತು, ಮಕ್ಕಳು ಬದುಕಿದರು. ಆದರೆ ಸೂಜಿ ತಪ್ಪಲಿಲ್ಲ.

1972ರಲ್ಲಿ ಬ್ಯಾಲಿಂಜರ್ ಮತ್ತು ಲೇಸಿ ಈ ದ್ವೀಪಗಳನ್ನು ಕಸಿ ಮಾಡಿ ಇಲಿಗಳ ಸಕ್ಕರೆ ಇಳಿಸಿದರು. ಅದೇ ಕೆಲಸ ಮನುಷ್ಯರಲ್ಲಿ ಸರಿಯಾಗಿ ಆಗೋಕೆ 2000ನೇ ಇಸವಿಯೇ ಬರಬೇಕಾಯ್ತು. ಕೆನಡಾದ ಎಡ್ಮಂಟನ್‌ನಲ್ಲಿ ಏಳು ಜನ ಇನ್ಸುಲಿನ್ ಬಿಟ್ಟರು. ಆದರೆ ಒಬ್ಬೊಬ್ಬರಿಗೂ ಸತ್ತವರಿಬ್ಬರ ಮೇದೋಜೀರಕವಾದರೂ ಬೇಕಾಯ್ತು. ಅಷ್ಟು ದಾನಿಗಳು ಎಲ್ಲಿಂದ ಬರಬೇಕು? ಅದಕ್ಕೇ ದ್ವೀಪಗಳನ್ನು ಲ್ಯಾಬಿನಲ್ಲೇ ಬೆಳೆಸೋ ಯೋಚನೆ ಬಂದಿದ್ದು.

ಇಲ್ಲಿ ನಮ್ಮವರೂ ಬರ್ತಾರೆ. ಹೆರಿಗೆಯಾದ ಮೇಲೆ ನಾವು ಹೂತುಬಿಡೋ ಮಾಸು ಇದೆಯಲ್ಲ, ಅದರ ಆಕರ ಕೋಶಗಳಿಂದ ರಮೇಶ್ ಭೊಂಡೆ ಮತ್ತು ಸಂಗಡಿಗರು ಇನ್ಸುಲಿನ್ ಕೊಡುವ ಗುಂಪುಗಳನ್ನು ಬೆಳೆಸಿ, ಪುಟ್ಟ ಕ್ಯಾಪ್ಸೂಲಿನಲ್ಲಿಟ್ಟು ಸಕ್ಕರೆ ಕಾಯಿಲೆಯ ಇಲಿಗಳಿಗೆ ಹಾಕಿದರು. ಸಕ್ಕರೆ ಹತೋಟಿಗೆ ಬಂತು. ಅದು ಪ್ರಕಟವಾಗಿದ್ದು 2010ರಲ್ಲಿ. ಪುಣೆಯಲ್ಲಿದ್ದ ಭೊಂಡೆ ಆಮೇಲೆ ನಮ್ಮ ಬೆಂಗಳೂರಿನ ಮಣಿಪಾಲ್ ಇನ್ಸ್ಟಿಟ್ಯೂಟ್ ಆಫ್ ರಿಜನರೇಟಿವ್ ಮೆಡಿಸಿನ್‌ಗೆ ಬಂದು ಸಂಶೋಧನೆ ಮುಂದುವರಿಸಿದರು.

ಮನುಷ್ಯರ ವಿಷಯಕ್ಕೆ ಬಂದರೆ, 2014ರಲ್ಲಿ ಹಾರ್ವರ್ಡ್‌ನ ಡಗ್ಲಾಸ್ ಮೆಲ್ಟನ್ ಲ್ಯಾಬಿನಲ್ಲಿ ಇಂಥ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿದರು. ಅವರ ಇಬ್ಬರು ಮಕ್ಕಳಿಗೂ ಇದೇ ಕಾಯಿಲೆ. ಆ ದಾರಿಯಲ್ಲೇ ಬಂದ ಚಿಕಿತ್ಸೆಯ ಫಲಿತಾಂಶ 2025ರಲ್ಲಿ ಪ್ರಕಟವಾಯ್ತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದರು. ಆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸೋ ಮಾತ್ರೆ ನುಂಗುತ್ತಲೇ ಇರಬೇಕು. ಹನ್ನೊಂದರ ಹುಡುಗನಿಗೆ ಅದು ಸಣ್ಣ ಮಾತಲ್ಲ.

ನಮ್ಮಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಕೊಡೋದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ದುಡ್ಡು ತಗೊಂಡು ಮಾರೋ ಹಾಗಿಲ್ಲ.

"ಒಡವೆ ಬೀರುವಿನಲ್ಲೇ ಇರಲಿ ಆಂಟಿ" ಅಂದೆ. ಅವರು ಪಾಂಪ್ಲೆಟ್ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು, ಬಿಸಾಡಲಿಲ್ಲ. ಹುಡುಗ ಮಾತ್ರ ನನ್ನೇ ನೋಡ್ತಾ ಕೇಳಿದ, "ಇಲಿಗೆ ಆಯ್ತಲ್ಲ ಅಣ್ಣ?"

1972ರಿಂದ 2000ಕ್ಕೆ ಎಷ್ಟು ವರ್ಷ ಅಂತ ಅವನಿಗೆ ಲೆಕ್ಕ ಹೇಳೋಕೆ ಮನಸ್ಸಾಗಲಿಲ್ಲ. ನೀವಾಗಿದ್ರೆ ಏನು ಹೇಳ್ತಿದ್ರಿ?