ಆಸ್ಪತ್ರೆಗೆ ಬಾರದ ಕುರಿಯ ಲೆಕ್ಕ

ಬಾಗಳಿ, ಹರಪನಹಳ್ಳಿ, ಹಡಗಲಿ ಸೀಮೆಯಲ್ಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಎಷ್ಟು ಹಬ್ಬಿದೆಯೆಂದು ಅಳೆಯಲು ಹೊರಟವರು ಯಾರಿಂದ ಮಾದರಿ ತೆಗೆಯಬೇಕೆಂದು ಮೊದಲು ತೀರ್ಮಾನಿಸಬೇಕು. ಸುಲಭದ ದಾರಿ ಆಸ್ಪತ್ರೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ಇದರ ನಿಗಾಕ್ಕೆ ಕಟ್ಟಿದ ಜಾಲ ನೆಚ್ಚಿರುವುದು ದೊಡ್ಡ ಆಸ್ಪತ್ರೆಗಳ ರೋಗಿಗಳ ರಕ್ತ, ಮೂತ್ರ, ಕೀವುಗಳನ್ನು. ಅಲ್ಲಿಗೆ ತಲುಪುವ ಹೊತ್ತಿಗೆ ಎಷ್ಟೋ ರೋಗಿಗಳು ಒಂದೆರಡು ಬಗೆಯ ಮಾತ್ರೆ ನುಂಗಿಯೇ ಬಂದಿರುತ್ತಾರೆ. ಆ ಲೆಕ್ಕ ವಾರ್ಡಿನ ವೈದ್ಯರಿಗೆ ಬೇಕೇ ಬೇಕು. ಆದರೆ ಅದನ್ನು ಊರಿನ ಲೆಕ್ಕವೆಂದು ಓದುವುದು ತಪ್ಪು.

ಈ ಪಾಠವನ್ನು ನಮ್ಮ ಪಶುವೈದ್ಯರು ದನಗಳ ದೊಡ್ಡರೋಗದಿಂದ (ರಿಂಡರ್‌ಪೆಸ್ಟ್) ಆಗಲೇ ಕಲಿತಿದ್ದರು. 1995ರಲ್ಲಿ ದೇಶದ ಕೊನೆಯ ಪ್ರಕರಣ ಕಂಡ ಮೇಲೂ ಪಶು ಆಸ್ಪತ್ರೆಯ ದಾಖಲೆ ಸಾಲದೆಂದು ಹಳ್ಳಿಯ ಕೊಟ್ಟಿಗೆಗಳನ್ನು, ದನ ಸಾಗುವ ದಾರಿಗಳನ್ನು ಹುಡುಕಿದರು, ಆಯ್ದ ರಾಸುಗಳ ಸೀರಂ ಪರೀಕ್ಷಿಸಿದರು. ಭಾರತ ಸೋಂಕುಮುಕ್ತವೆನಿಸಿದ್ದು 2006ರಲ್ಲಿ, ಜಗತ್ತು 2011ರಲ್ಲಿ. 1987ರಲ್ಲಿ ಯೋಜನೆಯಾಗಿ ಶುರುವಾಗಿ ಈಗ ಬೆಂಗಳೂರಿನ ಯಲಹಂಕದಲ್ಲಿರುವ, ಪಶುರೋಗಗಳ ಹರಡುವಿಕೆ ಅಧ್ಯಯನ ಮಾಡುವ ನಿವೇದಿ ಸಂಸ್ಥೆ ಬೆಳೆದದ್ದೂ ಇಂಥ ಸಮೀಕ್ಷೆಯ ಕೆಲಸದಲ್ಲೇ. ದೊಡ್ಡರೋಗ ತಗುಲಿದ ರಾಸು ಬಾಯಿಹುಣ್ಣು, ಭೇದಿಯಿಂದ ಸುಳಿವು ಕೊಡುತ್ತಿತ್ತು. ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಕರುಳಲ್ಲಿ ಹೊತ್ತ ಬಳ್ಳಾರಿ ಕುರಿ ಮಾತ್ರ ಆರಾಮಾಗಿ ಮೇಯುತ್ತಿರುತ್ತದೆ. ಗುದದ್ವಾರದಲ್ಲಿ ಹತ್ತಿಕಡ್ಡಿ ತಿರುವಿ, ಐಸ್ ಪೆಟ್ಟಿಗೆಯಲ್ಲಿ ತಂದು, ಸೆಫೊಟ್ಯಾಕ್ಸಿಮ್ ಎಂಬ ಆಂಟಿಬಯೋಟಿಕ್ ಬೆರೆಸಿದ ಮ್ಯಾಕ್‌ಕಾಂಕಿ ಅಗಾರ್ ತಟ್ಟೆಗೆ ಸವರಿದರೆ ಮರುದಿನ ಗುಲಾಬಿ ಚುಕ್ಕೆಗಳು ಏಳುತ್ತವೆ. ಆಗಲೇ ಅನುಮಾನಕ್ಕೆ ಆಧಾರ ಸಿಗುವುದು.

ಆರೋಗ್ಯವಾಗಿರುವ ಪ್ರಾಣಿಯನ್ನು ಪರೀಕ್ಷಿಸಿ ದುಡ್ಡು ಯಾಕೆ ಸುರಿಯಬೇಕು ಎನ್ನುವವರಿದ್ದಾರೆ. ಅವರಿಗೆ ಡೆನ್ಮಾರ್ಕಿನಲ್ಲಿ ಉತ್ತರವಿದೆ. ಮೇವಿಗೆ ಬೆರೆಸುತ್ತಿದ್ದ, ವ್ಯಾಂಕೊಮೈಸಿನ್‌ನ ಬಳಗದ ಆಂಟಿಬಯೋಟಿಕ್ ಅವೊಪಾರ್ಸಿನ್ ಅನ್ನು ಅದು 1995ರಲ್ಲಿ ನಿಷೇಧಿಸಿತು. ಆ ವರ್ಷ ಅಲ್ಲಿನ ಆರೋಗ್ಯವಂತ ಮಾಂಸದ ಕೋಳಿಗಳಿಂದ ಪಡೆದ ಎಂಟರೊಕಾಕಸ್ ಫೀಸಿಯಮ್‌ಗಳಲ್ಲಿ ಸುಮಾರು 73% ವ್ಯಾಂಕೊಮೈಸಿನ್‌ಗೆ ಬಗ್ಗದವಾಗಿದ್ದವು. 2000ಕ್ಕೆ ಅದು 6%ರ ಆಸುಪಾಸಿಗಿಳಿಯಿತು. ರೋಗದ ಕೋಳಿಯನ್ನಷ್ಟೇ ನೋಡಿದ್ದರೆ ನಿಷೇಧದ ಫಲ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಖರ್ಚಿನ ಮಾತೂ ಪೂರ್ತಿ ನಿಜವಲ್ಲ. ನೂರಕ್ಕೆ ಐದು ಕುರಿಗಳಲ್ಲಿ ಮಾತ್ರ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದರೂ, ಚೀಟಿ ಎತ್ತಿ ಆರಿಸಿದ 59 ಕುರಿಗಳಲ್ಲಿ ಒಂದರಲ್ಲಾದರೂ ಸಿಗುವ ಸಂಭವ 95%. ಆದರೆ ಒಂದೇ ಮಂದೆಯ 59 ಕುರಿ ಸಾಲವು. ಒಟ್ಟಿಗೆ ಮಲಗಿ ಒಂದೇ ಹಳ್ಳದ ನೀರು ಕುಡಿದವು ಬ್ಯಾಕ್ಟೀರಿಯಾವನ್ನೂ ಪರಸ್ಪರ ಹಂಚಿಕೊಂಡಿರುತ್ತವೆ. ಮಂದೆ ಹೆಚ್ಚಿರಲಿ, ಒಂದೊಂದರಿಂದ ತೆಗೆಯುವುದು ಕಡಿಮೆಯಿರಲಿ. ಕುರಿಗಾರರ ಮನೆಯವರಿಂದಲೂ ಅದೇ ವಾರ ಒಪ್ಪಿಗೆ ಪಡೆದು ಮಾದರಿ ತೆಗೆಯಬೇಕು. ಇಲ್ಲದಿದ್ದರೆ ಮನುಷ್ಯರದನ್ನೂ ಕುರಿಯದನ್ನೂ ಹೋಲಿಸಲಾಗದು. ಮೇವು ಅರಸಿ ಮಂದೆ ಹೊರಡುವ ಮುಂಚೆ ಒಮ್ಮೆ, ಮರಳಿದ ಮೇಲೆ ಒಮ್ಮೆ ತೆಗೆದರೆ ಊರಲ್ಲಿದ್ದದ್ದೆಷ್ಟು, ದಾರಿಯಲ್ಲಿ ಕೂಡಿದ್ದೆಷ್ಟು ಎಂದು ಬೇರ್ಪಡಿಸಬಹುದು.