ರೋಟರಿ ಎಂಜಿನ್‌ನ ಸಹಾಯಕ ದ್ವಾರಗಳ ವಿದ್ಯುತ್ ಗಾಳಿಪಂಪ್ ಚಾಲನೆ

ಮಜ್ದಾ ಕಂಪನಿಯ ಆರು ದ್ವಾರಗಳ ರೋಟರಿ ಎಂಜಿನ್‌ನಲ್ಲಿ ಸಹಾಯಕ ಒಳಸೇವನ ದ್ವಾರಗಳನ್ನು ತೆರೆಯಲು ಮೂಲ ಒತ್ತಡಮೂಲದ ಬದಲು ವಿದ್ಯುತ್ ಪಂಪಿನ ಗಾಳಿಯನ್ನು ಬಳಸುವ ಯಾಂತ್ರಿಕ ಮಾರ್ಪಾಡು.

ಹಿನ್ನೆಲೆ: ಆರು ದ್ವಾರಗಳ ಈ 13ಬಿ ಎಂಜಿನ್ ತಲಾ 654 ಘನ ಸೆಂ.ಮೀ. ಗಾತ್ರದ ಎರಡು ಕೋಶಗಳದು. ಪ್ರತಿ ಕೋಶದ ರೋಟರ್‌ಗೆ ಪ್ರಾಥಮಿಕ, ದ್ವಿತೀಯಕ, ಸಹಾಯಕ ಎಂದು ಮೂರು ಒಳಸೇವನ ದ್ವಾರಗಳಿವೆ. ಸಹಾಯಕ ದ್ವಾರದೊಳಗಿನ ತಿರುಗುವ ಕೊಳವೆಕವಾಟವನ್ನು ಪೊರೆಯುಳ್ಳ ಚಾಲಕ ತಿರುಗಿಸುತ್ತದೆ. ಕಡಿಮೆ ವೇಗದಲ್ಲಿ ಮುಚ್ಚಿದ ಕವಾಟ ತಿರುಚುಬಲ ಹಾಗೂ ಇಂಧನ ಮಿತವ್ಯಯಕ್ಕೆ ನೆರವಾಗುತ್ತದೆ. ಹೆಚ್ಚು ವೇಗದಲ್ಲಿ ತೆರೆದಾಗ ಒಳಸೇವನಾವಧಿ ಹಿಗ್ಗಿ ಶಕ್ತಿ ಏರುತ್ತದೆ. ಆರ್‌ಎಕ್ಸ್-7 ಕಾರಿನ 1986-88ರ ಮಾದರಿಗಳಲ್ಲಿ ನಿಷ್ಕಾಸದ ಹಿಮ್ಮುಖ ಒತ್ತಡ, 1989-91ರ ಮಾದರಿಗಳಲ್ಲಿ ಬೆಲ್ಟ್ ಚಾಲಿತ ಗಾಳಿಪಂಪ್ ಚಾಲಕಕ್ಕೆ ಒತ್ತಡ ಒದಗಿಸುತ್ತಿದ್ದವು.

ಕಾರಣ: ನಿಷ್ಕಾಸ ಕೊಳವೆಯನ್ನು ಅಗಲಗೊಳಿಸಿದರೆ ಅಥವಾ ಮೂಲ ಪಂಪನ್ನು ತೆಗೆದರೆ ಒತ್ತಡ ಸಾಲದೆ ದ್ವಾರಗಳು ಪೂರ್ಣ ತೆರೆಯುವುದಿಲ್ಲ.

ರಚನೆ: 12 ವೋಲ್ಟ್ ಪಂಪ್, ರಿಲೇ, ಎಂಜಿನ್ ವೇಗಕ್ಕೆ ಸ್ಪಂದಿಸುವ ಸ್ವಿಚ್, ರಬ್ಬರ್ ಕೊಳವೆ ಮುಖ್ಯ ಭಾಗಗಳು. ನಿಗದಿತ ವೇಗದಲ್ಲಿ ಪಂಪ್ ಚಾಲೂ ಆಗುತ್ತದೆ. ವೇಗ ಇಳಿದಾಗ ಗಾಳಿ ಹೊರಬಿದ್ದು ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಅತಿ ಒತ್ತಡ ಪೊರೆಯನ್ನು ಹರಿಯಬಲ್ಲದು. ಮಸಿ ಕಟ್ಟಿ ಬಿಗಿದ ಕವಾಟವನ್ನು ಅಳವಡಿಕೆಗೆ ಮೊದಲೇ ಶುಚಿಗೊಳಿಸಬೇಕು.

ಮಹತ್ತ್ವ: ನಿಷ್ಕಾಸದ ಒತ್ತಡವನ್ನು ಅವಲಂಬಿಸದೆ ದ್ವಾರ ತೆರೆಯುವ ವೇಗವನ್ನು ನಿಗದಿಪಡಿಸಬಹುದು. ಆದರೆ ಮೂಲ ಪಂಪ್ ಹೊಗೆ ನಿಯಂತ್ರಣಕ್ಕೂ ಗಾಳಿ ಒದಗಿಸುವುದರಿಂದ ಅದನ್ನು ತೆಗೆದರೆ ಮಾಲಿನ್ಯ ಹೆಚ್ಚುತ್ತದೆ. 2003ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಎಕ್ಸ್-8ರ ಆರು ದ್ವಾರಗಳ ಎಂಜಿನ್‌ನಲ್ಲಿ ಸಹಾಯಕ ಕವಾಟಕ್ಕೆ ವಿದ್ಯುತ್ ಮೋಟಾರನ್ನೇ ಅಳವಡಿಸಲಾಯಿತು.