ಮುರಕಲ್ಲಿನ ನಾಡಿನ ಬೇಸಾಯ

ದಕ್ಷಿಣ ಕನ್ನಡದ ಕ್ರೈಸ್ತ ಕೃಷಿಕರ ಚರಿತ್ರೆಯನ್ನು ಬರೆಯುವವರು ಮುರಕಲ್ಲನ್ನು ಮರೆಯುವಂತಿಲ್ಲ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಕಡಿಯುವಾಗ ಮೆತ್ತಗೆ, ಗಾಳಿಗೆ ಗಟ್ಟಿ. ಇಗರ್ಜಿಯ ಗೋಡೆಗೆ ಬಹು ಯೋಗ್ಯ, ಪೈರಿಗೆ ಕಠಿಣ. ಮಳೆಯು ಸುಣ್ಣದಂಶವನ್ನು ತೊಳೆದೊಯ್ದು ಕಬ್ಬಿಣದಂಶವನ್ನು ಉಳಿಸುವುದರಿಂದ ಮಣ್ಣು ಹುಳಿಯಾಗಿ, ರಂಜಕವು ಬೇರಿಗೆ ದಕ್ಕದು.

ರಸಾಯನಶಾಸ್ತ್ರವನ್ನು ಓದದ ನಮ್ಮ ಹಿರಿಯರು ನೀರಿನ ಆಸರೆಯನ್ನು ನೋಡಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರಗಳಿಂದ ಆ ಹುಳಿಯನ್ನು ತಗ್ಗಿಸಿದರು. ಪೋರ್ಚುಗೀಸರು ತಂದ ಗೇರು ಮಾತ್ರ ಯಾವ ಉಪಚಾರವನ್ನೂ ಬೇಡದೆ ಒಣಗುಡ್ಡದಲ್ಲಿಯೂ ಬೆಳೆಯಿತು. ಹಟ್ಟಿಗೆ ಸೊಪ್ಪು ಬರುತ್ತಿದ್ದುದು ಕುಮ್ಕಿಯಿಂದ, ಅಂದರೆ ವರ್ಗಭೂಮಿಗೆ ತಾಗಿದ 100 ಗಜದೊಳಗಿನ ಸರಕಾರಿ ಗುಡ್ಡದಿಂದ. ಅಂತಹ ಹಲವು ಗುಡ್ಡಗಳಲ್ಲಿ ಈಗ ರಬ್ಬರು ಎದ್ದಿದೆ. ಹಟ್ಟಿ ಬರಿದಾದ ಮನೆಯವರು ಮಣ್ಣು ಪರೀಕ್ಷೆ ಮಾಡಿಸಿ, ಸುಣ್ಣವನ್ನು ಹಣಕೊಟ್ಟು ತಂದು ಹಾಕಬೇಕಾಗಿದೆ.